ಧ್ವನಿ ಸ್ಪಷ್ಟ, ಖರಖರ ಇಲ್ಲ

ಮಡಗಾಂವದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಸರ್ಕಾರಿ ರೇಡಿಯೊದ ಒಬ್ಬ ದೊಡ್ಡ ಅಧಿಕಾರಿ ವಾಸವಾಗಿದ್ದಾರೆ. ಇದು ಓಣಿಗೆಲ್ಲ ಗೊತ್ತು, ಹಾಲಿನವನಿಗೆ ಗೊತ್ತು, ಸೈಕಲ್ಲಿನ ಮೇಲೆ ಪಾವು ಬ್ರೆಡ್ಡು ತರುವವನಿಗೂ ಗೊತ್ತು. ಗೊತ್ತಿಲ್ಲದಿರುವುದು ಸರ್ಕಾರಕ್ಕೆ ಮಾತ್ರ!

ಕಳೆದ ಸೋಮವಾರ ಬೆಳಿಗ್ಗೆ ನಾನು ಈಳಿಗೆಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದೆ. ಅರ್ಧ ಕಾಯಿ ಮುಗಿದಿತ್ತು. ಆಗ ಫೋನು ಬಂತು.

“ನಮಸ್ಕಾರ್ರಿ. ನಾವು ರೇಡಿಯೊ ನಿಲಯದಿಂದ ಮಾತಾಡಾಕತ್ತೇವಿ. ಅಜ್ಜಾರು ಅದಾರೇನ್ರಿ?”

ಕಾಯಿ ಕೈಯಿಂದ ಜಾರಿತು. ಐವತ್ತು ವರ್ಷಗಳಲ್ಲಿ ನಿಲಯ ನಮ್ಮ ಮನೆಗೆ ಫೋನು ಮಾಡಿದ್ದು ಇದೇ ಮೊದಲು. ಹುಡುಗಿಯ ಧ್ವನಿ ಬೆಲ್ಲದ ಹಾಗಿತ್ತು. ನಿಲಯ ನಡೆದು ಬಂದ ದಾರಿಯ ಬಗ್ಗೆ ಹಳೆಯ ಕೇಳುಗರನ್ನು ಮಾತಾಡಿಸುವ ಕಾರ್ಯಕ್ರಮವಂತೆ. ಗುರುವಾರ ಬೆಳಿಗ್ಗೆ ಎಂಟೂವರೆಗೆ ಫೋನಿನಲ್ಲೇ ನೇರ ಪ್ರಸಾರವಂತೆ. ಎಷ್ಟೋ ಕೇಳುಗರಿರುವಾಗ ಅಜ್ಜಾರನ್ನೇ ಆರಿಸಿದ್ದು ಯಾಕೆ ಎಂದರೆ, “ಎರಡು ವರ್ಷದಿಂದ ಅವರ ಕಾರ್ಡಿನಾಗ ಒಂದರ ತಪ್ಪು ಹಿಡದಿಲ್ರಿ! ವಾರಾ ವಾರಾ ‘ಧ್ವನಿ ಸ್ಪಷ್ಟ, ಖರಖರ ಇಲ್ಲ’ ಅಂತ ಬರೀತಾರ. ಇಷ್ಟ ಪ್ರೀತಿ ಮಾಡೂ ಕೇಳುಗರು ನಮಗ ಇನ್ನೊಬ್ರಿಲ್ರಿ” ಎಂದಳು.

ಕೇಳಿ ಹೇಳುತ್ತೇನೆ ಎಂದು ಫೋನು ಇಟ್ಟೆ.  ಎರಡು ವರ್ಷದಿಂದ ಅವರು ತಪ್ಪು ಹಿಡಿಯದಿರುವುದಕ್ಕೆ ಕಾರಣ ಪ್ರೀತಿಯಲ್ಲ. ಎರಡು ವರ್ಷದಿಂದ ಅವರಿಗೆ ಕಿವಿ ಕೇಳಿಸುವುದಿಲ್ಲ!

ಈ ಗುಟ್ಟು ಗೊತ್ತಿದ್ದದ್ದು ನನಗೊಬ್ಬಳಿಗೆ. ನನಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಅಧಿಕಾರಿಯವರ ಪರಿಚಯ ಹೇಳಿಬಿಡುತ್ತೇನೆ. ಅವರು ನಮ್ಮ ಮನೆಯವರ ಸೋದರಮಾವ. ಅವರಿಗೂ ಮಾಮಾ, ನನಗೂ ಮಾಮಾ. ಮದುವೆಯಾಗಲಿಲ್ಲ, ರೇಡಿಯೊ ಇತ್ತಲ್ಲ! ಧಾರವಾಡದ ಕಡೆಯಿಂದ ಬಂದು ಬಂದರಿನ ಉಗ್ರಾಣದಲ್ಲಿ ಗುಮಾಸ್ತರಾಗಿದ್ದರು. ಅದು ಹೊಟ್ಟೆಪಾಡು. ನಿಜವಾದ ನೌಕರಿಯೆಂದರೆ ರೇಡಿಯೊ ಕೇಳಿ ‘ಶ್ರವಣ ವರದಿ’ ಬರೆಯುವುದು. ಇವತ್ತು ಧ್ವನಿ ಹೇಗಿತ್ತು, ಖರಖರ ಎಷ್ಟಿತ್ತು, ವಾರ್ತೆ ಓದಿದವರು ಯಾವ ಅಕ್ಷರ ನುಂಗಿದರು, ಸಮಯ ಹೇಳುವಾಗ ಎಷ್ಟು ತಡವಾಯಿತು, ಎಲ್ಲವನ್ನೂ ಬರೆದಿಟ್ಟು ಶನಿವಾರ ಶನಿವಾರ ಪೋಸ್ಟ್‌ಕಾರ್ಡಿಗೆ ಇಳಿಸಿ ನಿಲಯಕ್ಕೆ ಕಳಿಸುವುದು. ಈ ಕೆಲಸಕ್ಕೆ ಅವರನ್ನು ನೇಮಿಸಿದವರು ಯಾರು? ಅವರೇ!

ಶುರುವಾದದ್ದು ಮೋತಿ ಡೊಂಗರ್‌ನಲ್ಲಿ. ಆಗ ಅವರು ಆ ಗುಡ್ಡದ ಮೇಲೆ ಒಂದು ಬಾಡಿಗೆ ಕೋಣೆಯಲ್ಲಿದ್ದರು. ದೊಡ್ಡ ವಾಲ್ವ್ ರೇಡಿಯೊ. ಗುಂಡಿ ತಿರುಗಿಸಿದ ಮೇಲೆ ಅದು ಬಿಸಿಯಾಗಿ ಬಾಯಿ ತೆರೆಯುವಷ್ಟರಲ್ಲಿ ಒಂದು ಲೋಟ ಚಹಾ ಕುಡಿಯಬಹುದಿತ್ತಂತೆ. ಎರಡು ಬಿದಿರಿಗೆ ಏರಿಯಲ್ ತಂತಿ ಕಟ್ಟಿದ್ದರು. ಮನೆಯೊಡತಿ ಅದರ ಮೇಲೆ ಸೀರೆ ಒಣಗಿಸುತ್ತಿದ್ದಳು. ಸೀರೆ ಒಣಗುವತನಕ ದೆಹಲಿ ವಾರ್ತೆ ತೊಯ್ದು ತೊಪ್ಪೆ!

ಸಂಜೆಯಾದರೆ ಗುಡ್ಡದ ಮೇಲಿನ ನಮ್ಮ ಕಡೆಯ ಕೂಲಿಜನ ಅವರ ಬಾಗಿಲ ಹೊರಗೆ ಬಂದು ಕೂಡುತ್ತಿದ್ದರು. ಸಿಮೆಂಟು ಹೊತ್ತ ಮೈಯಲ್ಲೇ ಬಂದು, ಕನ್ನಡದ ದನಿ ಕೇಳಿ, ಏಳುತ್ತಿದ್ದರು. ಒಂದು ಮಳೆಗಾಲದ ಆರಂಭದಲ್ಲಿ ಇಂಡಿ ತಾಲೂಕಿನ ಕಡೆಯ ಒಬ್ಬ ಹೆಣ್ಣುಮಗಳು ಮೂರು ದಿನ ಅದೇ ಮಾತು ಕೇಳಿದಳಂತೆ: “ಸಾಹೇಬ್ರ, ನಮ್ಮೂರ ಕಡೆ ಮಳಿ ಆತೇನ್ರಿ?” ಮೂರು ದಿನವೂ ಹವಾಮಾನ ಬರುವ ಹೊತ್ತಿಗೆ ಸರಿಯಾಗಿ ಖರಖರ ಬಂದು ಮಳೆಯನ್ನು ನುಂಗಿತು. ಮಾಮಾಗೆ ಸಿಟ್ಟು ನೆತ್ತಿಗೇರಿತು. ನಾಲ್ಕನೆಯ ದಿನ ಮೊದಲ ಕಾರ್ಡು ಬರೆದರು: ‘ಹವಾಮಾನದ ವೇಳೆ ಧ್ವನಿ ಅಸ್ಪಷ್ಟ. ಆ ಭಾಗದಲ್ಲಿ ಮಳೆ ಆಯಿತೋ ಇಲ್ಲವೋ ಕೂಡಲೇ ತಿಳಿಸಿ.’

ಉತ್ತರ ಬಂತು! ಅಚ್ಚು ಹಾಕಿದ ಕಾರ್ಡು: ‘ನಿಮ್ಮ ಪತ್ರ ತಲುಪಿದೆ.’ ಅಷ್ಟೇ. ಅದು ಬರುವ ಹೊತ್ತಿಗೆ ಮಳೆಗಾಲ ಮುಗಿದು ಜೋಳ ಬಿತ್ತುತ್ತಿದ್ದರು.

ಆ ಕಾರ್ಡಿಗೆ ಮಾಮಾ ಕಟ್ಟು ಹಾಕಿಸಿದರು. ನಾನು ಮದುವೆಯಾಗಿ ಬರುವ ಹೊತ್ತಿಗೆ ಮಾಮಾ ಗುಡ್ಡ ಇಳಿದು ಈ ಮನೆಗೆ ಬಂದಾಗಿತ್ತು; ಆ ಕಾರ್ಡು ದೇವರ ಫೋಟೋಗಳ ಸಾಲಿನ ಪಕ್ಕದಲ್ಲೇ ತೂಗುತ್ತಿತ್ತು. ಹೊಸ ಸೊಸೆ, ತಲೆ ತಗ್ಗಿಸಿ ಪೂಜೆ ಮಾಡುವವಳು, ಯಾವ ಮನೆತನದಲ್ಲಿ ಯಾವ ದೇವರೋ ಏನೋ! ಎಲ್ಲಮ್ಮನಿಗೆ ಹಚ್ಚಿದಂತೆ ಅದಕ್ಕೂ ಕುಂಕುಮ ಹಚ್ಚಿ ಒಂದು ದಾಸವಾಳ ಏರಿಸಿದೆ. ಅತ್ತೆಯವರು ನಗು ತಡೆಯಲಾರದೆ ಹಿತ್ತಲಿಗೆ ಓಡಿದರು. ಮಾಮಾ ಮಾತ್ರ ಗಂಭೀರವಾಗಿ, “ಇರಲಿ ಬಿಡು ಯವ್ವಾ, ಸರ್ಕಾರಕ್ಕ ಯಾರರ ಹೂವು ಏರಸ್ಬೇಕಲ್ಲ” ಎಂದರು.

ಮದುವೆ ಎಂದಾಗ ನೆನಪಾಯಿತು. ನಮ್ಮ ಅಕ್ಷತೆಯ ಹಿಂದಿನ ದಿನ ದೇಶದ ದೊಡ್ಡವರೊಬ್ಬರು ತೀರಿಕೊಂಡರು. ಆಗೆಲ್ಲ ಹಾಗಾದರೆ ರೇಡಿಯೊದಲ್ಲಿ ಹಾಡಿಲ್ಲ, ನಾಟಕವಿಲ್ಲ, ದಿನವಿಡೀ ಸಾರಂಗಿಯ ಅಳು. ಮಾಮಾ ಮಂಟಪದಲ್ಲಿ ವಾಜಂತ್ರಿಯವರ ಎದುರು ಕೈಯೊಡ್ಡಿ ನಿಂತುಬಿಟ್ಟರು. “ತಾಳಿ ಕಟ್ಟಲಿ, ಬ್ಯಾಡ ಅನ್ನಂಗಿಲ್ಲ. ಬಾಜಾ ಬ್ಯಾಡ. ನಿಲಯದಾಗ ಸಾರಂಗಿ ನಡದೈತಿ!” ನಮ್ಮ ಮಾವನವರಿಗೆ ತಲೆ ಕೆಟ್ಟಿತು. “ನಿಮ್ಮ ನಿಲಯದ ದುಃಖ ಮಂಟಪದ ಹೊರಗ ಇರಲಿ ಮಾರಾಯ್ರ, ಮುಹೂರ್ತ ಜಾರಾಕತ್ತೈತಿ!” ಕೊನೆಗೆ ರಾಜಿಯಾಯಿತು. ಡೋಲು ಬೇಡ, ಸನಾದಿ ಮಾತ್ರ, ಅದೂ ಮೆಲ್ಲಗೆ. ನನ್ನ ಕೊರಳಿಗೆ ತಾಳಿ ಬಿದ್ದದ್ದು ಅರ್ಧ ಸಂತೋಷದ, ಅರ್ಧ ಸರ್ಕಾರಿ ಶೋಕದ ನಾದದಲ್ಲಿ. ಸಂಸಾರವೂ ಹಾಗೇ ನಡೆದಿದೆ ಎಂದು ನಮ್ಮ ಮನೆಯವರು ತಮಾಷೆ ಮಾಡುತ್ತಾರೆ. ನಾನು ಮಾತ್ರ ದೇವರು ಒಳ್ಳೆಯದನ್ನೇ ಮಾಡಿದ ಎನ್ನುತ್ತೇನೆ. ಡೋಲಿನ ಗದ್ದಲವಿಲ್ಲದೆ ಮಂತ್ರದ ಒಂದೊಂದು ಅಕ್ಷರವೂ ನನ್ನ ಕಿವಿಗೆ ಬಿತ್ತು. ಎಷ್ಟು ಜನ ಮದುಮಕ್ಕಳಿಗೆ ಅದು ಸಿಗುತ್ತದೆ?

ರೇಡಿಯೊ ಇಟ್ಟುಕೊಳ್ಳಲು ಲೈಸನ್ಸ್ ಬೇಕಿದ್ದ ಕಾಲವೊಂದಿತ್ತು, ಈಗಿನವರು ನಂಬುವುದಿಲ್ಲ. ಅಂಚೆ ಕಚೇರಿಗೆ ಹೋಗಿ ವರ್ಷ ವರ್ಷ ಪುಸ್ತಕಕ್ಕೆ ಠಸ್ಸೆ ಹಾಕಿಸಬೇಕಿತ್ತು. ಅದು ರದ್ದಾದ ಮೇಲೂ ಮಾಮಾ ಪುಸ್ತಕ ಹಿಡಿದು ಹೋದರು. ಕೌಂಟರಿನಲ್ಲಿದ್ದ ಹೆಂಗಸು ನಕ್ಕು, “ಮಾಮಾ, ತೆಂ ಬಂದ್ ಜಾಲಾಂ” ಎಂದಳು. ಬಂದಾಯಿತೆಂದು ಬರೆದುಕೊಡು ಎಂದರು ಇವರು. ಅವಳು ಬರೆದುಕೊಡಲಿಲ್ಲ. ಇವರು ಬಿಡಲಿಲ್ಲ. ಮೂರು ವರ್ಷ ಹೋದರು! ಕೊನೆಗೆ ಆ ಹೆಂಗಸು ಬೇಸತ್ತು, ಪಾರ್ಸಲ್ಲಿಗೆ ಹಾಕುವ ಠಸ್ಸೆಯನ್ನೇ ಆ ಪುಸ್ತಕದ ಮೇಲೆ ಧಪ್ಪೆಂದು ಹಾಕಿ ಕಳಿಸಿದಳು. ಮಾಮಾ ಸಮಾಧಾನವಾಗಿ ಮನೆಗೆ ಬಂದರು. ನಮ್ಮ ರೇಡಿಯೊ ಈಗಲೂ ಕಾನೂನಿನ ಪ್ರಕಾರ ಒಂದು ಪಾರ್ಸಲ್ಲು.

ಆಮೇಲೆ ಟೀವಿ ಬಂತು. ಭಾನುವಾರ ಬೆಳಿಗ್ಗೆ ದೇವರ ಕಥೆ. ಓಣಿಯ ಹೆಂಗಸರೆಲ್ಲ ತಲೆಗೆ ಎರೆದುಕೊಂಡು ನಮ್ಮ ಮನೆಗೆ ಬರುತ್ತಿದ್ದರು. ನಾನು ಊದಿನಕಡ್ಡಿ ಹಚ್ಚಿ ಪೆಟ್ಟಿಗೆಗೆ ಆರತಿ ಎತ್ತುತ್ತಿದ್ದೆ. ನಾಚಿಕೆ ಏನು, ಕಪ್ಪುಬಿಳುಪಿನಲ್ಲಿ ಬಂದರೂ ದೇವರು ದೇವರೇ. ಮಾಮಾ ಮಾತ್ರ ಕುರ್ಚಿ ತಿರುಗಿಸಿ ಟೀವಿಗೆ ಬೆನ್ನು ಹಾಕಿ ಕೂಡುತ್ತಿದ್ದರು.

“ನೋಡ್ರಿ ಮಾಮಾ, ದೇವರು ಬಂದ್ರು!”

“ನಾ ಕೇಳಾಕತ್ತೇನಿ. ಟೀವಿನೂ ನಮ್ಮ ಇಲಾಖೆದ್ದ ಐತಿ. ಆದ್ರ ಅದು ಕಿರಿಯ ಶಾಖೆ. ಮಾರಿ ನೋಡಿ ಮರ್ಯಾದಿ ಕೊಡೂದು ನನಗ ಬರಂಗಿಲ್ಲ.”

ಅವರು ತಿರುಗಿ ನೋಡುತ್ತಿದ್ದದ್ದು ಒಂದೇ ಸಲ, ಚಿತ್ರ ನಿಂತು ಅಡಚಣೆಗೆ ವಿಷಾದವಿದೆ ಎಂಬ ಫಲಕ ಬಂದಾಗ. ನಾವೆಲ್ಲ ಅಯ್ಯೋ ಎನ್ನುವಾಗ ಅವರು ಕನ್ನಡಕ ಹಾಕಿಕೊಂಡು ಅದನ್ನು ಭಕ್ತಿಯಿಂದ ಓದುತ್ತಿದ್ದರು. “ತಪ್ಪಾತು ಅಂತ ತಾನಾಗೇ ಬರದ ತೋರಸೂ ಇಲಾಖೆ ಇನ್ನೊಂದು ಹೇಳ್ರಿ ನೋಡೂಣು!”  ಇವತ್ತಿಗೂ ಹೇಳಲಾರೆವು.

ಬಣ್ಣ ಬಂತು, ಕೇಬಲ್ಲು ಬಂತು, ಒಂದೇ ವಾರ್ತೆಗೆ ಹತ್ತು ಜನ ಜಗಳಾಡುವ ವಾಹಿನಿಗಳು ಬಂದವು, ಉಸಿರು ತೆಗೆದುಕೊಳ್ಳದೆ ಮಾತಾಡುವ ಎಫ್ಎಂ ಹುಡುಗಿಯರು ಬಂದರು. ಮಾಮಾ ಯಾವುದಕ್ಕೂ ಹೆದರಲಿಲ್ಲ. ಹೆದರಿದ್ದು ಒಮ್ಮೆ ಮಾತ್ರ. ನಮ್ಮ ಮಗಳು ಪುಣೆಯಿಂದ ಬಂದವಳು ಅದೇ ನಿಲಯವನ್ನು ಮೊಬೈಲಿನಲ್ಲಿ ಹಚ್ಚಿಕೊಟ್ಟಳು. ರೇಡಿಯೊದಲ್ಲಿ ಏಳು ಗಂಟೆಯ ಪೀಂ ಪೀಂ ಬಡಿದು ಮುಗಿಯಿತು. ಅರ್ಧ ನಿಮಿಷ ಬಿಟ್ಟು ಮೊಬೈಲಿನಲ್ಲಿ ಪೀಂ ಪೀಂ! ಮಾಮಾ ಬಿಳಿಚಿಕೊಂಡು ನಿಂತರು. “ಒಂದ ದೇಶದಾಗ ಎರಡು ಏಳು ಗಂಟಿ! ಯಾವುದು ಖರೇದು?” ಅವಳು ಇಂಟರ್ನೆಟ್ಟು ಹೇಗೆ ತಡವಾಗಿ ಬರುತ್ತದೆ ಎಂದು ತಿಳಿಸಿಹೇಳಿದಳು. ಅವರು ಆ ವಾರದ ಕಾರ್ಡಿನಲ್ಲಿ ಬರೆದರು: ‘ಮೊಬೈಲ್ ಶಾಖೆಗೆ ಗಡಿಯಾರ ಕೊಡಿಸಿ.’

ಅಂಥ ಕಿವಿ ಅವರದು. ಆ ಕಿವಿ ಹೋದದ್ದು ನನಗೆ ಗೊತ್ತಾದದ್ದು ಒಂದು ಮಳೆಯ ದಿನ. ಕರೆಂಟು ಹೋಗಿತ್ತು. ಚಹಾ ಕೊಡಲು ಹಿಂದಿನ ಕೋಣೆಗೆ ಹೋದೆ. ರೇಡಿಯೊದ ದೀಪ ಆರಿದೆ. ಮಾಮಾ ಗೋಡೆ ಗಡಿಯಾರ ನೋಡುತ್ತಾ, ಒಮ್ಮೆ ತಲೆದೂಗಿ, ಬರೆಯುತ್ತಿದ್ದಾರೆ: ‘ಪ್ರದೇಶ ಸಮಾಚಾರ. ಧ್ವನಿ ಸ್ಪಷ್ಟ, ಖರಖರ ಇಲ್ಲ.’ ಖರಖರ ಇಲ್ಲದ್ದೇನೋ ಖರೆ!

ನಗಬೇಕೆನಿಸಿತು, ನಗು ಬರಲಿಲ್ಲ. ಯಾವ ಹೊತ್ತಿಗೆ ಯಾವ ಕಾರ್ಯಕ್ರಮ ಎಂಬುದು ಅವರಿಗೆ ಬಾಯಿಪಾಠ. ಊಟ, ಸ್ನಾನ, ಚಹಾ ಎಲ್ಲ ಗಡಿಯಾರದ ಪ್ರಕಾರ. ಯಾರೂ ಕೂಗಿ ಕರೆಯುವ ಪ್ರಸಂಗವೇ ಬರುವುದಿಲ್ಲ. ಮಾತಾಡಿಸುವ ಮೊದಲೇ ತಾವೇ ಮಾತು ಶುರು ಮಾಡಿ ತಾವೇ ಮುಗಿಸುತ್ತಾರೆ. ನಮ್ಮ ಮನೆಯವರಿಗಂತೂ ಎರಡು ವರ್ಷದಿಂದ ಸಿಟ್ಟು, “ಮಾಮಾ ನನ್ನ ಮಾತಿಗೆ ಕಿಮ್ಮತ್ತ ಕೊಡಂಗಿಲ್ಲ” ಎಂದು. ನಾನು ಬಾಯಿ ಬಿಡಲಿಲ್ಲ. ದೇವರು ಅವರ ಕಿವಿ ತೆಗೆದುಕೊಂಡರೂ ಗಡಿಯಾರ ಉಳಿಸಿದ್ದಾನೆ, ಅಷ್ಟಾದರೂ ಇರಲಿ ಎಂದುಕೊಂಡೆ.

ಈಗ ನೇರ ಪ್ರಸಾರ! ಬಾಯಿ ಬಿಡದೆ ಹೇಗೆ?

ಮಗಳ ಹಳೆಯ ಪಾಟಿಯನ್ನು ಅಟ್ಟದಿಂದ ಇಳಿಸಿ ಒರೆಸಿದೆ. ನಿಲಯದವರ ಸುದ್ದಿಯನ್ನೆಲ್ಲ ಅದರ ಮೇಲೆ ಬರೆದು ತೋರಿಸಿದೆ. ಮುಖ ಅರಳಿತು. ಒರೆಸಿ, ಎದೆ ಗಟ್ಟಿ ಮಾಡಿಕೊಂಡು ಮತ್ತೆ ಬರೆದೆ: ‘ನಿಮಗ ಕೇಳಸೂದಿಲ್ಲ. ನನಗ ಗೊತ್ತೈತಿ.’

ಮಾಮಾ ಪಾಟಿ ಓದಿದರು. ಆಮೇಲೆ ಬಳಪ ಇಸಿದುಕೊಂಡು, ‘ಕೇಳಸೂದಿಲ್ಲ’ ಎಂಬುದನ್ನು ಹೊಡೆದು ‘ಕೇಳಿಸುವುದಿಲ್ಲ’ ಎಂದು ತಿದ್ದಿದರು!

“ಬರ್ಯೂದಾದ್ರ ಶುದ್ಧ ಬರೀಬೇಕು ಯವ್ವಾ” ಎಂದರು.  “ಯಾರಿಗೂ ಹೇಳಬ್ಯಾಡ. ನಿಲಯಕ್ಕಂತೂ ಬ್ಯಾಡ. ಎರಡು ವರ್ಷ ಕಿವುಡ ಬರದಾನ ಅಂತ ತಿಳಿದ್ರ, ಐವತ್ತು ವರ್ಷದ್ದೂ ಸುಳ್ಳ ಅಂತಾರ. ನನ್ನ ಹತ್ರ ಇರೂದು ಅದೊಂದ.”

ಕಿವಿಯ ಯಂತ್ರ ಹಾಕಿಸೋಣ ಎಂದು ಬರೆದೆ. ಮೂರು ದಿನದಲ್ಲಿ ಅದೆಲ್ಲ ಆಗುವುದಿಲ್ಲ ಎಂದರು. ಹಾಗಾದರೆ ಬೇಡವೆಂದು ಹೇಳಿಬಿಡೋಣ ಎಂದು ಬರೆದೆ. ಅದಕ್ಕೆ ಅವರು ಎದ್ದು ಹೋಗಿ ಪೆಟ್ಟಿಗೆಯಿಂದ ಕೋಟು ತೆಗೆದು ಬಿಸಿಲಿಗೆ ಹಾಕಿದರು.

ಸರಿ. ಕೋಟು ಬಿಸಿಲಿಗೆ ಬಿದ್ದ ಮೇಲೆ ನನಗೂ ಹಟ ಬಂತು. ಈ ಮನೆಯಲ್ಲಿ ನಾನೊಬ್ಬಳು ಗಟ್ಟಿಯಾಗಿ ಇರುವಾಗ ಮಾಮಾನ ಮಾನ ಹೋಗಲು ಬಿಡುವೆನೇ? ಎಲ್ಲಮ್ಮತಾಯಿಗೆ ಕಾಯಿ ಹರಕೆ ಹೊತ್ತೆ. ಮಂಗಳವಾರ, ಬುಧವಾರ ಎರಡೂ ದಿನ ಅಡಿಗೆ ಮುಗಿದದ್ದೇ ತಾಲೀಮು. ಫೋನನ್ನು ಸ್ಪೀಕರಿನಲ್ಲಿ ಇಡುವುದು, ನಾನು ಎದುರು ಕೂತು ಪ್ರಶ್ನೆ ಬರೆಯುವುದು, ಅವರು ಓದಿ ಉತ್ತರ ಹೇಳುವುದು. ನನ್ನ ಕೈ ಬಹಳ ನಿಧಾನ. ‘ಮೊದಲ’ ಎಂದು ಬರೆಯುವಷ್ಟರಲ್ಲಿ ಅವರು ಮೊದಲ ರೇಡಿಯೊದ ಕಥೆ ಶುರು ಮಾಡಿಬಿಡುತ್ತಿದ್ದರು. ನಾನು ಕೇಳಬೇಕೆಂದಿದ್ದು ಮೊದಲ ಪತ್ರದ ಬಗ್ಗೆ! ಅದಕ್ಕೇ ಒಂದು ಪ್ರಶ್ನೆಗೆ ‘ಪತ್ರ’, ‘ರೇಡಿಯೊ’ ಎಂದು ಒಂದೊಂದೇ ಶಬ್ದ ಬರೆಯುವುದೆಂದು ಗೊತ್ತು ಮಾಡಿಕೊಂಡೆವು. ಒಂದು ಮಾತನ್ನು ಮಾತ್ರ ಅವರು ಗಟ್ಟಿಯಾಗಿ ಹೇಳಿದರು. “ಆಕಿ ಏನ ಕೇಳ್ತಾಳೋ ಅದನ್ನ ಬರಿ. ನನ್ನ ಮಾರಿ ನೋಡಿ ಬ್ಯಾರೆ ಬರೀಬ್ಯಾಡ.”

ಗುರುವಾರ ಎಂಟೂವರೆ. ಮಾಮಾ ಕೋಟು ಹಾಕಿ, ಟೊಪ್ಪಿಗೆ ಇಟ್ಟು, ಫೋನಿನ ಎದುರು ನೆಟ್ಟಗೆ ಕೂತರು. ರೇಡಿಯೊದಲ್ಲಿ ಯಾರಿಗೂ ಟೊಪ್ಪಿಗೆ ಕಾಣುವುದಿಲ್ಲ ಎಂದರೆ ಕೇಳಬೇಕಲ್ಲ! ನಮ್ಮ ಮನೆಯವರು ಏನಾಗುತ್ತಿದೆ ಎಂದು ತಿಳಿಯದೆ ಬಾಗಿಲಲ್ಲಿ ನಿಂತರು.

“ಕೇಳುಗರೇ, ಗೋವಾದಿಂದ ನಮ್ಮ ಹಿರಿಯರೊಬ್ಬರು ಫೋನಿನಾಗ ಅದಾರ. ನಮಸ್ಕಾರ್ರೀ ಅಜ್ಜಾರ. ನಾಷ್ಟಾ ಆತೇನ್ರಿ?”

ನಾಷ್ಟಾ! ಇದು ನಮ್ಮ ತಾಲೀಮಿನಲ್ಲಿ ಇರಲೇ ಇಲ್ಲ. ನಾನು ಬರೆಯಲೋ ಬೇಡವೋ ಎನ್ನುವಷ್ಟರಲ್ಲಿ ಮಾಮಾ ಗಂಟಲು ಸರಿಮಾಡಿಕೊಂಡು, “ವಾಲ್ವಿನದ್ರಿ, ಬಿಸಿ ಆಗಾಕ ಭಾಳ ಹೊತ್ತ ಹಿಡೀತಿತ್ತು” ಎಂದರು! ಹುಡುಗಿ ಕಿಲಕಿಲ ನಕ್ಕಳು. ಅಜ್ಜಾರು ಭಾರೀ ಚೇಷ್ಟೆಯವರು ಎಂದುಕೊಂಡಿರಬೇಕು. ನಾನು ದೇವರೇ ಎಂದು ಬಳಪ ಗಟ್ಟಿಯಾಗಿ ಹಿಡಿದೆ.

ಆಮೇಲೆ ಗಾಡಿ ಹಳಿಗೆ ಬಂತು. ಗುಡ್ಡದ ಮೇಲಿನ ಸಂಜೆಗಳನ್ನು ಹೇಳಿದರು, ಮಳೆ ಕೇಳಿದ ಹೆಣ್ಣುಮಗಳನ್ನು ಹೇಳಿದರು. ಎಷ್ಟು ಚೆನ್ನಾಗಿ ಹೇಳಿದರೆಂದರೆ ನಾನು ಬರೆಯುವುದನ್ನು ಮರೆತು ಕೇಳುತ್ತಾ ಕೂತೆ. ಮುಗಿಯುತ್ತಾ ಬಂತು, ಗೆದ್ದೆವು ಎಂದುಕೊಂಡೆ.

ಆಗ ಆ ಹುಡುಗಿ ಕೇಳಿದಳು. “ಕಡೀಕ ಒಂದ ಮಾತು ಅಜ್ಜಾರ. ಈಗೀಗ ನಮ್ಮ ಧ್ವನಿ ನಿಮಗ ಹೆಂಗ ಕೇಳಸಾಕತ್ತೈತ್ರಿ?”

ನನ್ನ ಕೈ ನಿಂತಿತು. ಬೇರೆ ಏನಾದರೂ ಬರೆಯಬಹುದಿತ್ತು. ‘ಎಲ್ಲರಿಗೂ ನಮಸ್ಕಾರ ಹೇಳಿ’ ಎಂದು ಬರೆದರೆ ಅವರು ನಮಸ್ಕಾರ ಹೇಳಿ ಮುಗಿಸುತ್ತಿದ್ದರು; ಮಾನ ಉಳಿಯುತ್ತಿತ್ತು. ಮಾಮಾ ನನ್ನ ಕೈಯನ್ನೇ ನೋಡುತ್ತಿದ್ದರು. ಕೇಳಿದ್ದನ್ನೇ ಬರೆದೆ. ಅದೂ ಶುದ್ಧವಾಗಿ: ‘ಈಗ ನಮ್ಮ ಧ್ವನಿ ಹೇಗೆ ಕೇಳಿಸುತ್ತಿದೆ?’

ಅವರು ಓದಿದರು. ಮಾತಾಡಲಿಲ್ಲ. ರೇಡಿಯೊದಲ್ಲಿ ಅಷ್ಟು ಹೊತ್ತು ಮೌನವಿದ್ದರೆ ಅದನ್ನು ಅವರೇ ದೊಡ್ಡ ಅಪರಾಧವೆಂದು ಬರೆಯುತ್ತಿದ್ದವರು! “ಅಜ್ಜಾರ?” ಎಂದಳು ಹುಡುಗಿ. “ಅಜ್ಜಾರ, ಲೈನಿನಾಗ ಅದೀರೇನ್ರಿ?”

ಮಾಮಾ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಯವ್ವಾ, ನನಗ ನಿಮ್ಮ ಧ್ವನಿ ಕೇಳಸೂದಿಲ್ಲ. ಎರಡು ವರ್ಷ ಆತು. ನೀ ಈಗ ಕೇಳಿದ್ದೂ ನನ್ನ ಸೊಸಿ ಪಾಟಿ ಮ್ಯಾಲೆ ಬರದ ತೋರಿಸ್ಯಾಳ. ಎರಡು ವರ್ಷದ ವರದಿ ಎಲ್ಲಾ ಸುಳ್ಳ ಅದಾವು. ರದ್ದ ಮಾಡ್ರಿ. ಅದಕ್ಕ ಮೊದಲಿನವು ಖರೆ, ಅವನ್ನ ಇಟ್ಟಕೋರಿ.”

 ಬಾಗಿಲಲ್ಲಿ ನಮ್ಮ ಮನೆಯವರು ಚೌಕಟ್ಟು ಹಿಡಿದು ನಿಂತದ್ದು ಕಾಣಿಸಿತು. ಹುಡುಗಿ, ಬೆಲ್ಲದ ದನಿ ಒಡೆದು, “ಮತ್ತ ಹೆಂಗ ಬರದ್ರಿ ಅಜ್ಜಾರ, ಕೇಳಿಸದ?” ಎಂದಳು. ಬರೆದೆ.

“ಗಡಿಯಾರ ನೋಡಿ ಬರದೆ. ಏಳಕ್ಕ ಅಂದ್ರ ಏಳಕ್ಕ ನೀವು ಬಂದ ಬರ್ತೀರಿ ಅಂತ ಗೊತ್ತಿತ್ತು. ಐವತ್ತು ವರ್ಷ ಬಂದೀರಿ. ನನ್ನ ಕಿವಿ ಹೋತಂತ ನೀವು ಬರೂದು ಬಿಡ್ತೀರೇನು?”

“ರದ್ದ ಮಾಡೂದಿಲ್ರೀ” ಎಂದಳು ಆಕೆ. ಬರೆದು ತೋರಿಸಿದೆ.

“ಮಾಡಬೇಕು!” ಎಂದು ಮಾಮಾ ಮೇಜು ಗುದ್ದಿದರು, ನೇರ ಪ್ರಸಾರದಲ್ಲಿ!

“ಮಾಡೂದಿಲ್ಲ ಅಂದ್ರ ಮಾಡೂದಿಲ್ರೀ ಅಜ್ಜಾರ. ನೀವು ಶನಿವಾರ ಕಾರ್ಡ ಬರೀರಿ. ನಾವು ದಾರಿ ನೋಡ್ತೇವಿ.” ಅದನ್ನೂ ಬರೆದೆ. ಅಕ್ಷರ ಸೊಟ್ಟಗಾದವು, ಕಣ್ಣು ಮಂಜಾಗಿತ್ತು. ಮಾಮಾ ತಿದ್ದಲಿಲ್ಲ.

ಫೋನು ಇಟ್ಟ ಮೇಲೆ ನಮ್ಮ ಮನೆಯವರು ಒಳಗೆ ಬಂದರು.  ನನ್ನ ಕೈಯಿಂದ ಪಾಟಿ ಇಸಿದುಕೊಂಡು, ನಿಂತೇ ಬರೆದು, ಮಾಮಾನ ಎದುರು ಹಿಡಿದರು: ‘ಚಹಾ ಕುಡಿಯೋಣೇನು?’

ಚಹಾ ಕುಡಿದರು, ಇಬ್ಬರೂ, ಒಂದೇ ಕಟ್ಟೆಯ ಮೇಲೆ ಕೂತು. ಆಮೇಲೆ ಮಾಮಾ ಹಿಂದಿನ ಕೋಣೆಗೆ ಹೋದರು. ಮಲಗಿರಬೇಕೆಂದುಕೊಂಡೆ. ಸ್ವಲ್ಪ ಹೊತ್ತಿಗೆ ನೋಡಿದರೆ ರೇಡಿಯೊವನ್ನು ಎಳೆಗೂಸಿನ ಹಾಗೆ ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಾರೆ.

“ಎಲ್ಲಿ ಇಡ್ಲಿ? ಇನ್ನ ಮ್ಯಾಲೆ ನೀ ಕೇಳು, ನಾ ಬರೀತೇನಿ.”

ನಾನು ಬೇಳೆ ಡಬ್ಬಿಗಳನ್ನು ಸರಿಸಿ ಕಿಟಕಿಯ ಹತ್ತಿರ ಜಾಗ ಮಾಡಿಕೊಟ್ಟೆ. ಅವರು ತಂತಿ ಸಿಕ್ಕಿಸಿ, ಗುಂಡಿ ತಿರುಗಿಸಿ, ಮಣೆ ಎಳೆದುಕೊಂಡು ನನ್ನ ಬಾಯಿಯನ್ನೇ ನೋಡುತ್ತಾ ಕೂತರು. ಮಾರುಕಟ್ಟೆಯಿಂದ ತಂದ ಕೆಂಪು ರಾಜಗಿರಿ ಸೊಪ್ಪಿನ ಕಟ್ಟು ಹಾಗೇ ಬಾಡುತ್ತಾ ಬಿದ್ದಿತ್ತು. ಧ್ವನಿ ಸ್ವಲ್ಪ ಜೋರು ಮಾಡಿ, ಕಟ್ಟು ಬಿಚ್ಚಿ ಪಲ್ಯ ಸೋಸಲು ಕೂತೆ.